ಶಾಲಾ ಬಸ್ಸಿಗೂ ಟೋಲ್ ಮಾಫಿ ಮಾಡ್ರಿ

ಸಂಪಾದಕರೇ,

ಎಂ.ಕೆ. ಹುಬ್ಬಳ್ಳಿ, ಕಿತ್ತೂರ ಕಡೆಯಿಂದ ಬೆಳಗಾವಿ ಶಾಲೆಗೆ ಮಕ್ಕಳನ್ನ ತರೋ ಬಸ್ ಹಿರೇಬಾಗೇವಾಡಿ ಟೋಲ್ ದಿನಕ್ಕ ನಾಕು ಸಲ ದಾಟತೈತಿ. ಬೆಳಿಗ್ಗೆ ಖಾಲಿ ಹೋಗಬೇಕು ಮಕ್ಕಳನ್ನ ತುಂಬ್ಕೊಂಡು ಬರಬೇಕು, ಸಂಜಿಮುಂದ ಅವರನ್ನ ಬಿಟ್ಟು ಮತ್ತ ಖಾಲಿ ವಾಪಸ್. ಟೋಲ್ ರೇಟಿನಾಗ ಬಸ್ಸಿಗೂ ಲಾರಿಗೂ ಒಂದೇ ಲೆಕ್ಕ, ಕಾರಿನ ಮೂರು ಪಟ್ಟಿಗಿಂತ ಜಾಸ್ತಿ. ಇದನ್ನ ಶಾಲೆಯವರು ತಮ್ಮ ಕಿಸೆಯಿಂದ ಹಾಕೂದಿಲ್ರಿ, ಬಸ್ ಫೀ ಜೋಡಿ ಸೇರಿ ಪಾಲಕರ ಮ್ಯಾಲೇ ಬರತೈತಿ.

ಪಾಸ್ ಮಾಡಿಸ್ರಿ ಅಂತಾರ. ತಿಂಗಳ ಪಾಸಿನಾಗ ಸಿಗೂದು 50 ಟ್ರಿಪ್, ದಿನಕ್ಕ ನಾಕರಂಗ ಹಿಡಿದ್ರ ಹನ್ನೆರಡು ದಿನಕ್ಕ ಮುಗಿದು ಹೋಗತೈತಿ. 2025ರ ಆಗಸ್ಟ್ 15ರಿಂದ 3000 ರೂಪಾಯಿಗೆ 200 ಟ್ರಿಪ್‌ನ ವಾರ್ಷಿಕ ಪಾಸ್ ಬಂತು, ಅದು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಟೋಲ್ ಹತ್ರ ಇರೋ ಊರಿನವರಿಗೆ 20 ಕಿಲೋಮೀಟರ್ ಒಳಗಿನ ಲೋಕಲ್ ಪಾಸ್ ಐತಿ, ಅದೂ ಕಮರ್ಷಿಯಲ್ ಅಲ್ಲದ ಗಾಡಿಗೆ. ಒಬ್ಬನೇ ಕಾರಿನಾಗ ಹೋಗಾವನಿಗೆ ಇಷ್ಟೆಲ್ಲಾ ರಿಯಾಯಿತಿ ಇರುವಾಗ ನಲ್ವತ್ತು ಮಕ್ಕಳನ್ನ ಹೊತ್ತ ಹಳದಿ ಬಸ್ಸಿಗೆ ಮಾಫಿ ಯಾಕ ಇಲ್ಲ?

2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಾಗ ಮಾಫಿ ಯಾರ್ಯಾರಿಗೆ ಅಂತ ಉದ್ದನ ಪಟ್ಟಿ ಐತಿ. ಆಂಬುಲೆನ್ಸ್, ಅಗ್ನಿಶಾಮಕ, ಶವ ಒಯ್ಯೋ ಗಾಡಿ, ಅದು ಸರಿನೇ. ಸಂಸದರು, ಶಾಸಕರೂ ಅದರಾಗ ಅದಾರ. ಚಳಿಗಾಲದ ಅಧಿವೇಶನಕ್ಕ ಸುವರ್ಣ ಸೌಧಕ್ಕ ಬರೋ ಶಾಸಕರ ಕಾರು ಇದೇ ಟೋಲ್‌ನಾಗ ಫ್ರೀ, ಅದರ ಹಿಂದ ನಿಂತ ಶಾಲಾ ಬಸ್ಸಿಗೆ ದುಡ್ಡು. ಇದು ನನಗಂತೂ ಒಪ್ಪಿಗಿ ಆಗೂದಿಲ್ಲ.

ಸರಕಾರಿ ಶಾಲೆಗೂ ಇದೇ ರೂಲ್ರಿ. ಮಕ್ಕಳು ಕಡಿಮಿ ಆಗಿ ಶಾಲೆ ಮುಚ್ಚಬಾರದು ಅಂತ ಕೆಲವು ಊರಾಗ ಎಸ್‌ಡಿಎಂಸಿ ಅಂದ್ರ ಶಾಲಾಭಿವೃದ್ಧಿ ಸಮಿತಿಯವರು ದಾನಿಗಳ ಹತ್ರ ಕೈಯೊಡ್ಡಿ ಬಸ್ ಮಾಡ್ಯಾರ, ಡೀಸೆಲ್ಲು ಡ್ರೈವರ್ ಪಗಾರ ಹೊಂದಸೂದ್ರಾಗ ಸಾಕಾಗಿರತೈತಿ, ಅಂಥಾ ಬಸ್ಸಿನ ದಾರ್ಯಾಗ ಟೋಲ್ ಬಂದ್ರ ಅವರೇನು ಮಾಡಬೇಕು? ಮೊದಲು ಇವಕ್ಕಾದ್ರೂ ಪೂರ್ತಿ ಮಾಫಿ ಆಗಲಿ.

ದುರುಪಯೋಗ ಆಗತೈತಿ ಅನ್ನೋ ಮಾತು ಬರತೈತಿ ಗೊತ್ತೈತಿ, ರವಿವಾರ ಶಾಲಾ ಬಸ್ ಲಗ್ನಕ್ಕ ಬಾಡಿಗಿ ಹೋಗೂದು ಎಲ್ಲಾರೂ ನೋಡೀವಿ. ಅದಕ್ಕ ಶಾಲೆ ನಡಿಯೋ ದಿನ, ಬೆಳಿಗ್ಗೆ ಸಂಜಿ ಟೈಮಿಗೆ ಮಾತ್ರ ಮಾಫಿ ಇಡ್ರಿ, ಬಾಕಿ ಟೈಮಿಗೆ ದುಡ್ಡು ಕಟ್ ಆಗಲಿ. ಮಾಫಿ ಇರೋ ಗಾಡಿಗೆ ಬ್ಯಾರೇ ಫಾಸ್ಟ್ಯಾಗ್ ಕೊಡೋ ವ್ಯವಸ್ಥಾ ಈಗಾಗಲೇ ಐತಿ, ಶಾಲಾ ಬಸ್ಸಿಗೂ ಅದನ್ನ ಕೊಡಬಹುದು. ನಿಯಮ ಕೇಂದ್ರದ್ದು, ಹಿಂಗಾಗಿ ನಮ್ಮ ಭಾಗದ ಸಂಸದರು ಇದನ್ನ ಲೋಕಸಭೆದಾಗ ಎತ್ತಬೇಕು. ರಾಜ್ಯ ಹೆದ್ದಾರಿ ಟೋಲ್‌ಗಳಿಗೆ ಮಾತ್ರ ದಿಲ್ಲಿ ಕಡೆ ನೋಡೂ ಜರೂರಿಲ್ಲ, ಬರೋ ಜೂನ್‌ದಾಗ ಶಾಲೆ ಸುರು ಆಗೂದ್ರಾಗ ರಾಜ್ಯ ಸರಕಾರ ಆದೇಶ ಮಾಡಲಿ.

— ಒಬ್ಬ ಪಾಲಕ, ಎಂ.ಕೆ. ಹುಬ್ಬಳ್ಳಿ