ಕಣ್ಣು ವಿಕಾಸಗೊಂಡ ಬಗೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

“ಅರ್ಧ ಕಣ್ಣಿನಿಂದ ಏನು ಪ್ರಯೋಜನ?” ಎಂಬ ಪ್ರಶ್ನೆ ನಮ್ಮ ಗುಂಪಿನಲ್ಲಿ ಮತ್ತೆ ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಪೂರ್ತಿಯಾಗದ ಕಣ್ಣಿನಿಂದ ಉಪಯೋಗವಿಲ್ಲ, ಆದ್ದರಿಂದ ಕಣ್ಣು ಹಂತಹಂತವಾಗಿ ವಿಕಾಸಗೊಂಡಿರಲಾರದು ಎಂಬುದು ಇದರ ತಾತ್ಪರ್ಯ. ಪ್ರಶ್ನೆ ಯೋಗ್ಯವಾದದ್ದೇ, ಡಾರ್ವಿನ್ ಕೂಡ 1859ರಲ್ಲಿ ಕಣ್ಣಿನ ವಿಷಯವನ್ನೇ ಎತ್ತಿಕೊಂಡು ಉತ್ತರಿಸಿದ್ದರು.

ಉತ್ತರಕ್ಕೆ ಮೃದ್ವಂಗಿಗಳನ್ನು (ಬಸವನಹುಳು, ಬೊಂಡಾಸ್‌ನಂಥ ಮೆತ್ತನೆಯ ದೇಹದ ಪ್ರಾಣಿಗಳನ್ನು) ನೋಡಿದರೆ ಸಾಕು. ಕಡಲಿನ ಬಂಡೆಗೆ ಅಂಟಿಕೊಂಡು ಬದುಕುವ ಲಿಂಪೆಟ್‌ಗೆ ಇರುವುದು ಬೆಳಕನ್ನು ಗ್ರಹಿಸುವ ಜೀವಕೋಶಗಳ ಒಂದು ತಗ್ಗು ಮಾತ್ರ. ಮಸೂರವಿಲ್ಲದಿದ್ದರೂ ಬೆಳಕು ಯಾವ ಕಡೆಯದೆಂದು ತಿಳಿಯಲು ಅಷ್ಟು ಸಾಕು. ಚಿಪ್ಪುಳ್ಳ ಕಡಲಜೀವಿಯಾದ ನಾಟಿಲಸ್‌ನಲ್ಲಿ ಆ ತಗ್ಗು ಆಳವಾಗಿ, ಅದರ ಬಾಯಿ ಕಿರಿದಾಗಿ, ಸಣ್ಣ ರಂಧ್ರದ ಮೂಲಕ ಮಂದವಾದ ಬಿಂಬ ಮೂಡುತ್ತದೆ. ಮಲ್ಪೆ ಬಂದರಿಗೆ ಬರುವ ಬೊಂಡಾಸಿನ (ಸ್ಕ್ವಿಡ್‌ನ) ಕಣ್ಣನ್ನು ಬಿಡಿಸಿದರೆ ಒಳಗೆ ಗಟ್ಟಿಯಾದ, ಗುಂಡನೆಯ ಮಸೂರವೇ ಸಿಗುತ್ತದೆ. ಇವು ಒಂದರಿಂದ ಒಂದು ಹುಟ್ಟಿದವಲ್ಲ, ಎಲ್ಲವೂ ಇಂದಿನ ಜೀವಿಗಳೇ. ಆದರೆ ನಡುವಿನ ಹಂತಗಳೂ ಬದುಕಿಗೆ ಒದಗುತ್ತವೆ ಎಂಬುದಕ್ಕೆ ಸಾಕ್ಷಿಯಾಗಿವೆ.

ನನಗೆ ಹೆಚ್ಚು ಸೋಜಿಗವೆನಿಸುವುದು ಬೊಂಡಾಸಿನ ಮಸೂರದ ಪ್ರೋಟೀನು. ಅದು ಶೂನ್ಯದಿಂದ ಬಂದದ್ದಲ್ಲ. ದೇಹದೊಳಗಿನ ವಿಷವಸ್ತುಗಳನ್ನು ನಿವಾರಿಸುವ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕಿಣ್ವದ ಜೀನು ನಕಲುಗೊಂಡು, ಒಂದು ಪ್ರತಿ ಹಳೆಯ ಕೆಲಸದಲ್ಲೇ ಉಳಿದರೆ, ಉಳಿದ ಪ್ರತಿಗಳು ತಲೆಮಾರುಗಳಲ್ಲಿ ಬದಲಾಗುತ್ತ ಮಸೂರದ ದ್ರವ್ಯವಾದವು.

ಕಣ್ಣು ವಿಕಾಸಗೊಳ್ಳಲು ಕಾಲ ಸಾಲದು ಎನ್ನುವವರಿಗೆ: ವಿಜ್ಞಾನಿಗಳಾದ ನಿಲ್ಸನ್ ಮತ್ತು ಪೆಲ್ಗರ್ 1994ರಲ್ಲಿ, ಹಂತಕ್ಕೆ ಶೇಕಡಾ 1ರ ಬದಲಾವಣೆಯಂತೆ ಲೆಕ್ಕ ಹಾಕಿ, ಚಪ್ಪಟೆಯಾದ ಪದರವೊಂದು ಮೀನಿನಂಥ ಕಣ್ಣಾಗಲು 4 ಲಕ್ಷಕ್ಕಿಂತ ಕಡಿಮೆ ತಲೆಮಾರುಗಳು ಸಾಕೆಂದು ತೋರಿಸಿದರು.

ಭಾನುವಾರ ಉಡುಪಿಯಲ್ಲಿ ಸೇರುವಾಗ ಯಾರಾದರೂ ಇಡೀ ಬೊಂಡಾಸ್ ತಂದರೆ ಕಣ್ಣನ್ನು ಎಲ್ಲರೂ ಬಿಡಿಸಿ ನೋಡಬಹುದು. ದಯವಿಟ್ಟು ತಲೆ ತೆಗೆಸದೆ ತನ್ನಿರಿ.