ಬೀಚಲ್ಲಿ ಕಳೆದ ಒಡವೆ ಹುಡುಕ್ಲಿಕ್ಕೆ ಸರಿಯಾದ ಒಂದು ಮೆಷಿನ್ ಇಡಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ದೊಡ್ಡ ಬೀಚುಗಳಲ್ಲಿ ಲೈಫ್‌ಗಾರ್ಡ್ ಇದ್ದಾರೆ, ಎಚ್ಚರಿಕೆ ಬೋರ್ಡ್ ಉಂಟು, ಕೆಲವು ಕಡೆ ಬಟ್ಟೆ ಬದಲಾಯಿಸ್ಲಿಕ್ಕೆ ರೂಮು ಕೂಡ ಆಗಿದೆ. ಆದ್ರೆ ನೀರಲ್ಲಿ ಆಡ್ತಾ ಇರುವಾಗ ಕರಿಮಣಿ ಹೋಯ್ತು, ಉಂಗುರ ಹೋಯ್ತು ಅಂತ ಯಾರಾದ್ರೂ ಅಳ್ತಾ ಬಂದ್ರೆ ಅವ್ರಿಗೆ ಸಹಾಯ ಮಾಡುವ ವ್ಯವಸ್ಥೆ ನಾನು ನೋಡಿದ ಬೀಚುಗಳಲ್ಲಿ ಎಲ್ಲೂ ಇಲ್ಲ, "ಸಮುದ್ರಕ್ಕೆ ಹೋದದ್ದು ಹೋಯ್ತು, ಇನ್ನು ಸಿಗುದಿಲ್ಲ" ಅಂತ ಹೇಳಿ ಕಳಿಸಿಬಿಡ್ತಾರೆ. ಈ ಮಾತು ಸರಿಯಲ್ಲ. ಸಿಗ್ತದೆ. ಬೇಗ ಹುಡುಕಿದ್ರೆ, ಉಪ್ಪುನೀರಿಗೆ ಸರಿಯಾದ ಮೆಷಿನ್ ಇದ್ರೆ ತುಂಬ ಸಲ ಸಿಗ್ತದೆ. ಆ ಮೆಷಿನ್ನಿಗೆ ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್ ಅಂತಾರೆ, ಇಂಥದ್ದೊಂದನ್ನ ನಮ್ಮ ಬೀಚುಗಳಲ್ಲಿ ಸರ್ಕಾರದ ಕಡೆಯಿಂದಲೇ ಇಡ್ಬೇಕು ಅಂತ ಕೇಳ್ಲಿಕ್ಕೆ ಈ ಪತ್ರ.

ನನ್ನದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಭಾವ ಗಲ್ಫಿಂದ ಬರುವಾಗ ತಂದುಕೊಟ್ಟ ಒಂದು ಪಲ್ಸ್ ಮೆಷಿನ್ ನನ್ನ ಹತ್ರ ಉಂಟು. ಈಗೀಗ ಮೊಬೈಲಲ್ಲಿ ವಿಡಿಯೋ ನೋಡಿ ಹುಡುಗರು ಆನ್‌ಲೈನಲ್ಲಿ ಕಡಿಮೆ ರೇಟಿನ ಡಿಟೆಕ್ಟರ್ ತರಿಸಿ ಬೀಚಿಗೆ ಹೋಗ್ತಾರೆ, ಆಮೇಲೆ ಹಾಳಾಗಿದೆ ಅಂತ ಅಂಗಡಿಗೆ ತರ್ತಾರೆ. ತೆಂಗಿನ ಮರದ ಬುಡದಲ್ಲಿ ಒಣ ಹೊಯ್ಗೆಯಲ್ಲಿ (ಮರಳಲ್ಲಿ) ಚೆನ್ನಾಗಿಯೇ ಕೆಲಸ ಮಾಡ್ತಿತ್ತು, ಅಲೆ ಬಂದು ಹೋಗುವ ಜಾಗಕ್ಕೆ ಕಾಲಿಟ್ಟ ಕೂಡ್ಲೇ ಎಲ್ಲಿ ಹಿಡಿದ್ರೂ ಕಿರುಚ್ತದೆ ಅನ್ನುದೇ ಎಲ್ಲರ ದೂರು. ಮೆಷಿನ್ ಹಾಳಾದದ್ದಲ್ಲ, ಆ ಜಾಗಕ್ಕೆ ಮಾಡಿದ ಮೆಷಿನ್ನೇ ಅದಲ್ಲ.

ಅದು ಯಾಕೆ ಹಾಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇದು ಗೊತ್ತಿಲ್ದೆ ನಾಳೆ ಇಲಾಖೆಯವ್ರೂ ಟೆಂಡರ್ ಕರೆದು ತಪ್ಪು ಮೆಷಿನ್ ತಂದು ಮೂಲೆಗೆ ಹಾಕಬಾರ್ದು. ಸಾಮಾನ್ಯ ಡಿಟೆಕ್ಟರ್, ವಿಎಲ್‌ಎಫ್ ಅಂತಾರಲ್ಲ ಅದು, ಕಾಯಿಲಿಂದ, ಅಂದ್ರೆ ತುದಿಯಲ್ಲಿರುವ ತಂತಿ ಸುತ್ತಿದ ಬಿಲ್ಲೆಯಿಂದ, ಎಡೆಬಿಡದೆ ಒಂದೇ ಸಮನೆ ಅಲೆ ಕಳಿಸ್ತಾ ಇರ್ತದೆ, ವಾಪಸ್ ಬರುವ ಸಿಗ್ನಲ್ ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಿ ಇದು ಕಬ್ಬಿಣ ಇದು ಬೆಳ್ಳಿ ಅಂತ ಬೇರೆ ಮಾಡ್ತದೆ. ಸಮುದ್ರದ ನೀರಿಗೆ ಉಪ್ಪಿಂದಾಗಿ ಕರೆಂಟ್ ಹರಿಯುವ ಗುಣ ಇರುದ್ರಿಂದ ಅದೂ ಒಂದು ಲೋಹದ ಹಾಗೇ ಉತ್ತರ ಕೊಡ್ತದೆ, ಅದ್ರಲ್ಲೂ ಸಣ್ಣ ಚಿನ್ನ ಎಂಥ ಉತ್ತರ ಕೊಡ್ತದೋ ಹೆಚ್ಚು ಕಡಿಮೆ ಅಂಥದ್ದೇ. ಉಪ್ಪಿನ ಸದ್ದು ಬೇಡ ಅಂತ ಅದನ್ನ ಕಟ್ ಮಾಡಿದ್ರೆ ತೆಳು ಉಂಗುರ, ಮೂಗುತಿ ಎಲ್ಲ ಅದರ ಜೊತೆಗೇ ಹೋಗ್ತದೆ.

ಪಲ್ಸ್ ಇಂಡಕ್ಷನ್ ಕೆಲಸ ಮಾಡುದೇ ಬೇರೆ ರೀತಿ. ಕಾಯಿಲಿಗೆ ಒಂದು ಗಳಿಗೆ ಜೋರಾಗಿ ಕರೆಂಟ್ ಕೊಟ್ಟು ಪಟ್ಟಂತ ನಿಲ್ಲಿಸ್ತದೆ, ಸೆಕೆಂಡಿಗೆ ನೂರಾರು ಸಲ, ಕೆಲವು ಮೆಷಿನ್ನಲ್ಲಿ ಸಾವಿರಾರು ಸಲ. ಕರೆಂಟ್ ನಿಂತ ಕೂಡ್ಲೇ ಹತ್ರ ಇರುವ ಲೋಹದ ಒಳಗೆ ಸುಳಿ ಕರೆಂಟ್, ಅಂದ್ರೆ ಸುಳಿಯ ಹಾಗೆ ಸುತ್ತುವ ಕರೆಂಟ್, ಹುಟ್ಟಿ ನಿಧಾನಕ್ಕೆ ಇಳಿಯುತ್ತದೆ, ನೀರಲ್ಲೂ ಹುಟ್ತದೆ ಆದ್ರೆ ತಕ್ಷಣ ಸತ್ತುಹೋಗ್ತದೆ. ಕಂಚಿನ ಗಂಟೆ ಹೊಡೆದ್ರೆ ನಾದ ಉಳಿತದೆ, ಮಣ್ಣಿನ ಮಡಕೆಗೆ ಹೊಡೆದ್ರೆ ಠಪ್ ಅಂತ ಅಲ್ಲಿಗೇ ಮುಗಿತದೆ, ಇದೂ ಹಾಗೆ. ಮೆಷಿನ್ ಮಾಡುದು ಇಷ್ಟೇ, ನೀರಿನ ಸದ್ದು ಮುಗಿಯುವಷ್ಟು ಹೊತ್ತು ಕಾದು ಆಮೇಲೆ ಕೇಳಿಸ್ಕೊಳ್ಳುದು. ಕಾಯುವ ಹೊತ್ತು ಅಂದ್ರೆ 10ರಿಂದ 15 ಮೈಕ್ರೋಸೆಕೆಂಡ್, ಒಂದು ಸೆಕೆಂಡನ್ನ 10 ಲಕ್ಷ ತುಂಡು ಮಾಡಿದ್ರೆ ಅದ್ರಲ್ಲಿ ಹತ್ತು ಹದಿನೈದು ತುಂಡು. ಜಾಸ್ತಿ ಕಾದ್ರೆ ನೀರು ಪೂರ್ತಿ ಸುಮ್ಮನಾಗ್ತದೆ ಆದ್ರೆ ತೆಳು ಚಿನ್ನದ ಸದ್ದೂ ಅಷ್ಟರಲ್ಲಿ ಇಳಿದುಹೋಗಿರ್ತದೆ, ಹಾಗಾಗಿ ಈ ಡಿಲೇಯನ್ನ ಹದಕ್ಕೆ ಇಡುದೇ ಇದರಲ್ಲಿ ಕಲಿಬೇಕಾದ ವಿದ್ಯೆ. ಇದೇನು ಹೊಸ ತಂತ್ರವೂ ಅಲ್ಲ, 1960ರ ದಶಕದಲ್ಲೇ ಇಂಗ್ಲೆಂಡಿನ ಆಕ್ಸ್‌ಫರ್ಡಲ್ಲಿ ಪುರಾತತ್ವದ ಕೆಲಸಕ್ಕೆ ಇದನ್ನ ಬೆಳೆಸಿದ್ರು, ಏರ್‌ಪೋರ್ಟಲ್ಲಿ ನಾವು ದಾಟುವ ಮೆಟಲ್ ಡಿಟೆಕ್ಟರ್ ಚೌಕಟ್ಟಲ್ಲೂ ಹೆಚ್ಚಾಗಿ ಇದೇ ತಂತ್ರ. ಕೊಲ್ಲಂ ಹತ್ರ ಚವರದಲ್ಲಿ ಇರುವ ಹಾಗಿನ ಕಪ್ಪು ಖನಿಜದ ಹೊಯ್ಗೆಯಲ್ಲೂ ಸಾಮಾನ್ಯ ಮೆಷಿನ್ನಿಗಿಂತ ಇದು ಎಷ್ಟೋ ವಾಸಿ. ಮಲ್ಟಿ ಫ್ರೀಕ್ವೆನ್ಸಿ ಅಂತ ಇನ್ನೊಂದು ಜಾತಿ ಉಂಟು, ಅದೂ ಉಪ್ಪುನೀರಲ್ಲಿ ನಡೀತದೆ, ಒಳ್ಳೆಯದೇ, ಇಲ್ಲ ಅನ್ನುದಿಲ್ಲ.

ಸಮುದ್ರ ಎಳ್ಕೊಂಡು ಹೋಯ್ತು ಅಂತ ಎಲ್ಲರೂ ನಂಬ್ತಾರೆ, ಚಪ್ಪಲಿಗೆ ಬಟ್ಟೆಗೆ ಅದು ಸರಿ, ಚಿನ್ನಕ್ಕೆ ಅಲ್ಲ. 22 ಕ್ಯಾರೆಟ್ ಚಿನ್ನ ನೀರಿಗಿಂತ 17 ಪಟ್ಟಿಗೂ ಹೆಚ್ಚು ಭಾರ, ಹೊಯ್ಗೆಯ ಕಣ ಎರಡೂವರೆ ಪಟ್ಟಿಗಿಂತ ಸ್ವಲ್ಪ ಮೇಲೆ ಅಷ್ಟೇ. ಅಲೆ ಹೊಯ್ಗೆಯನ್ನ ಎತ್ತಿ ಎತ್ತಿ ಹಾಕುವಾಗ ಉಂಗುರ ಬಿದ್ದಲ್ಲೇ ಕೆಳಗೆ ಇಳೀತಾ ಹೋಗ್ತದೆ. ಬೇಗ ಹುಡುಕ್ಬೇಕು ಅನ್ನುದು ಇದಕ್ಕೇ, ಒಂದೆರಡು ಉಬ್ಬರ ಇಳಿತ ಕಳೆದ್ರೆ ಉಂಗುರ ದೂರ ಹೋಗ್ತದೆ ಅಂತಲ್ಲ, ಮೆಷಿನ್ನಿಗೆ ಸಿಗದಷ್ಟು ಆಳಕ್ಕೆ ಹೋಗ್ತದೆ. ವಿಡಿಯೋದಲ್ಲಿ ಹತ್ತು ಅಡಿ ಇಪ್ಪತ್ತು ಅಡಿ ಅಂತಾರೆ, ಅದನ್ನ ನಂಬಬೇಡಿ. ಉಂಗುರದಷ್ಟು ಸಣ್ಣ ವಸ್ತು ಒಂದು ಗೇಣು, ತುಂಬ ಒಳ್ಳೆ ಮೆಷಿನ್ ಆದ್ರೆ ಒಂದಡಿ, ಅಷ್ಟೇ.

ಹೋದ ಡಿಸೆಂಬರಲ್ಲಿ ಬಯಲುಸೀಮೆ ಕಡೆಯಿಂದ ಬಂದಿದ್ದ ಒಂದು ಕುಟುಂಬ, ಹೊಸದಾಗಿ ಮದುವೆಯಾದ ಹುಡುಗನ ಉಂಗುರ ಸೊಂಟಮಟ್ಟ ನೀರಲ್ಲಿ ಜಾರಿಹೋಗಿತ್ತು. ತಣ್ಣೀರಲ್ಲಿ ಬೆರಳು ಸಪೂರ ಆಗ್ತದೆ, ಸನ್‌ಸ್ಕ್ರೀನ್ ಹಚ್ಚಿದ್ರೆ ಕೇಳುದೇ ಬೇಡ. ಆ ಹುಡುಗ ಒಂದು ಜಾಣತನ ಮಾಡಿದ್ದ, ದಡಕ್ಕೆ ಬರುವ ಮೊದ್ಲು ನಿಂತಲ್ಲಿಂದಲೇ ನೋಡಿ ಲೈಫ್‌ಗಾರ್ಡ್ ಟವರ್ ಮತ್ತು ಅದರ ಹಿಂದಿನ ಒಂದು ತೆಂಗಿನ ಮರ ಒಂದೇ ಗೆರೆಯಲ್ಲಿ ಬರ್ತದೆ ಅಂತ ಗುರುತು ಇಟ್ಕೊಂಡಿದ್ದ. ನನಗೆ ಫೋನ್ ಬಂದು ನಾನು ಹೋಗುವಾಗ ಇಳಿತ ಶುರುವಾಗಿತ್ತು, ಅವನು ನಿಂತಿದ್ದ ಜಾಗದಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಎರಡು ಕೋಲಿಗೆ ಹಗ್ಗ ಕಟ್ಟಿ, ಹಗ್ಗದ ಗುಂಟ ಒಂದು ಸಾಲು ಆದ ಮೇಲೆ ಇನ್ನೊಂದು ಸಾಲು, ಕಾಯಿಲನ್ನ ಹೊಯ್ಗೆಗೆ ಮುಟ್ಟುವಷ್ಟು ಹತ್ರ ಹಿಡಿದು, ಒಂದು ಬೀಸು ಇನ್ನೊಂದರ ಮೇಲೆ ಅರ್ಧ ಬರುವ ಹಾಗೆ ನಿಧಾನ ಹೋಗ್ಬೇಕು. ಮೊದ್ಲು ಸಿಕ್ಕಿದ್ದು ತುಕ್ಕು ಹಿಡಿದು ಹೊಯ್ಗೆ ಮೆತ್ತಿ ಉಂಡೆಯಾಗಿದ್ದ ಒಂದು ಗಾಳ, ಆಮೇಲೆ ಸೋಡಾ ಮುಚ್ಚಳ, ಎರಡು ರೂಪಾಯಿ ನಾಣ್ಯ, ಆಮೇಲೆ ಬಲೆಗೆ ಕಟ್ಟುವ ಸೀಸದ ಗುಂಡು, ಪಕ್ಕದಲ್ಲೇ ಇನ್ನೊಂದು ಸೀಸದ ಗುಂಡು. ಸೀಸ ಸಿಗ್ಲಿಕ್ಕೆ ಶುರುವಾದ್ರೆ ನನಗೆ ಧೈರ್ಯ ಬರ್ತದೆ, ಯಾಕಂದ್ರೆ ಭಾರದ್ದೆಲ್ಲ ಒಂದೇ ಗುಳಿಯಲ್ಲಿ ಸೇರ್ತದೆ. ಅದೇ ಗುಳಿಯಲ್ಲಿ ಜಾಲರಿ ಸ್ಕೂಪ್ ಎತ್ತಿ ಅಲ್ಲಾಡಿಸಿದಾಗ ಹೊಯ್ಗೆ ನೀರು ಎಲ್ಲ ಇಳಿದು ಉಂಗುರ ಉಳೀತು. ಅವನ ಅಮ್ಮ ಅದನ್ನ ತಗೊಂಡು ಸೆರಗಿನ ತುದಿಗೆ ಕಟ್ಟಿಕೊಂಡ್ರು, ವಾಪಸ್ ಬೆರಳಿಗೆ ಹಾಕ್ಲಿಕ್ಕೆ ಮಗನಿಗೆ ಕೊಡ್ಲೇ ಇಲ್ಲ.

ಎಲ್ಲ ಸಲ ಹೀಗೆ ಆಗುದಿಲ್ಲ ಅಂತಲೂ ಹೇಳ್ಬೇಕು. ಉಂಗುರ ಇಡೀ ಬಳೆಯ ಹಾಗೆ ಮುಚ್ಚಿದ ಸುತ್ತು, ಸುಳಿ ಕರೆಂಟಿಗೆ ತಿರುಗ್ಲಿಕ್ಕೆ ಒಳ್ಳೆ ದಾರಿ, ಅದಕ್ಕೆ ಚೆನ್ನಾಗಿ ಸದ್ದು ಕೊಡ್ತದೆ, ಅದೇ ಉಂಗುರ ತುಂಡಾಗಿದ್ರೆ ಸದ್ದು ಅರೆಬರೆ. ಸಪೂರ ಚೈನು ಇನ್ನೂ ಕಷ್ಟ, ಮೆಷಿನ್ನಿಗೆ ಅದು ಒಂದು ಸರ ಅಲ್ಲ, ಬೇರೆ ಬೇರೆ ಪುಟ್ಟ ಪುಟ್ಟ ಕೊಂಡಿಗಳು. ಕರಿಮಣಿಯಲ್ಲಿ ಮಣಿಗೆ ಸದ್ದೇ ಇಲ್ಲ, ಅದರ ತಾಳಿ ಬಿಲ್ಲೆ ಸ್ವಲ್ಪ ದಪ್ಪ ಇದ್ರೆ ಅದೇ ಆಧಾರ. ಅದಕ್ಕೆ ಹೆಂಗಸರಿಗೆ ನನ್ನ ವಿನಂತಿ, ನೀರಿಗೆ ಇಳಿಯುವ ಮೊದ್ಲು ಕರಿಮಣಿ ತೆಗೀಲಿಕ್ಕೆ ಮನಸ್ಸು ಬರದಿದ್ರೆ ಕೊಂಡಿಗೆ ಒಂದು ಪಿನ್ನಾದ್ರೂ ಹಾಕಿ ರವಿಕೆಗೆ ಸಿಕ್ಕಿಸಿಕೊಳ್ಳಿ.

ಇನ್ನು ಈ ಮೆಷಿನ್ನಿನ ದೊಡ್ಡ ಕೊರತೆ ಅಂತ ಎಲ್ಲರೂ ಹೇಳುದು, ಇದು ಕಬ್ಬಿಣ ಯಾವುದು ಚಿನ್ನ ಯಾವುದು ಅಂತ ಬೇರೆ ಮಾಡುದಿಲ್ಲ, ಸದ್ದು ಬಂದಲ್ಲೆಲ್ಲ ಅಗೀಬೇಕು. ಚಿನ್ನದ ಆಸೆಗೆ ಹೋಗುವವ್ರಿಗೆ ಇದು ಕೊರತೆ. ಬೀಚಿಗೆ ಇದೇ ಲಾಭ. ಮಕ್ಕಳು ಬರಿಗಾಲಲ್ಲಿ ಓಡುವ ಹೊಯ್ಗೆಯಲ್ಲಿ ಗಾಳ ಉಂಟು, ದೋಣಿಯ ಹಳೇ ಮೊಳೆ ಉಂಟು, ಕ್ಯಾಂಪ್ ಫೈರ್ ಹಾಕಿದವ್ರು ಸುಟ್ಟ ಹಲಗೆಯ ಮೊಳೆಗಳು ಬೂದಿ ತೊಳೆದು ಹೋದ ಮೇಲೂ ಅಲ್ಲೇ ಉಂಟು, ಬಿಯರ್ ಬಾಟಲಿ ಮುಚ್ಚಳಕ್ಕಂತೂ ಲೆಕ್ಕ ಇಲ್ಲ. ಪೊರಕೆಗೆ, ಟ್ರ್ಯಾಕ್ಟರಿನ ಹಲ್ಲಿಗೆ ಇವು ಸಿಗುದಿಲ್ಲ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಸ್ವಚ್ಛ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಎಲ್ಲರಿಗೂ ಹೆಮ್ಮೆ, ಅಂಥ ಬೀಚಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ ಇಳಿತದ ಹೊತ್ತಿಗೆ ಇದನ್ನ ಹಿಡಿದು ಒಂದು ಸುತ್ತು ಬಂದ್ರೆ ಕಣ್ಣಿಗೆ ಕಾಣದ ಕಸವೂ ಹೋಗ್ತದೆ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವ್ರ ಕಾಲಿಗೂ ಇದ್ರಿಂದ ಉಪಕಾರ. ಮಳೆಗಾಲದ ಅಲೆ ದಡ ಕೊರೆದು ಹೊಯ್ಗೆ ಎಳ್ಕೊಂಡು ಹೋದಾಗ ಅಡಿಯಲ್ಲಿದ್ದದ್ದು ಮೇಲೆ ಬರ್ತದೆ, ಸಮುದ್ರ ಶಾಂತ ಆದ ಮೇಲೆ ಹೊಯ್ಗೆ ವಾಪಸ್ ಬಂದು ಮುಚ್ಚುವ ಮೊದ್ಲು ಒಮ್ಮೆ ಕ್ಲೀನ್ ಮಾಡಿದ್ರೆ ಅದಕ್ಕಿಂತ ಒಳ್ಳೆ ಸಮಯ ಬೇರೆ ಇಲ್ಲ.

ನೀರಿನ ಅಡಿಯಲ್ಲಿ ಮುಳುಗಿ ಹುಡುಕುವ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂತೇನೆ. ಮುಳುಗುಗಾರರಿಗೆ ಅಂತಲೇ ಮಾಡಿದ ಪಲ್ಸ್ ಮೆಷಿನ್‌ಗಳು ಇವೆ, ಗ್ಯಾರೆಟ್ ಕಂಪನಿಯ ಸೀ ಹಂಟರ್ 200 ಅಡಿ ಆಳದವರೆಗೆ ತಡೀತದೆ, ಪೊಲೀಸ್ ಡೈವರುಗಳು ನೀರಿಗೆ ಎಸೆದ ಆಯುಧ ಹುಡುಕ್ಲಿಕ್ಕೆ ಇಂಥದ್ದನ್ನ ಬೇರೆ ದೇಶಗಳಲ್ಲಿ ಬಳಸ್ತಾರೆ. ಮೆಷಿನ್ 200 ಅಡಿ ತಡೀತದೆ, ಹಿಡಿದವ ತಡೀತಾನಾ? ನಮ್ಮ ದಡದ ಹತ್ರ ನೀರಡಿಯ ಸೆಳೆತ ಎಷ್ಟು ಅಂತ ಇಲ್ಲಿನವ್ರಿಗೆ ಗೊತ್ತು. 2024ರ ಡಿಸೆಂಬರಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ಕು ಶಾಲಾ ಹೆಣ್ಣುಮಕ್ಕಳು ತೀರಿಹೋದದ್ದು ಎಲ್ಲರ ಮನಸ್ಸಲ್ಲಿ ಉಂಟು. ಕಳೆದ ಸರದ ಹಿಂದೆ ಗಾಬರಿಯಲ್ಲಿ ಅಲೆಯೊಳಗೆ ನುಗ್ಗುವ ಜನರನ್ನ ನಾನು ಕಣ್ಣಾರೆ ಕಂಡಿದ್ದೇನೆ, "ಮೆಷಿನ್ ಬರ್ತದೆ, ಇಳಿತದ ಹೊತ್ತಿಗೆ ಹುಡುಕಿ ಕೊಡ್ತೇವೆ, ನೀವು ದಡಕ್ಕೆ ಬನ್ನಿ" ಅಂತ ಲೈಫ್‌ಗಾರ್ಡ್ ಹೇಳುವ ಹಾಗಿದ್ರೆ ಅವ್ರು ಖಂಡಿತ ಬರ್ತಾರೆ. ಒಡವೆಗಿಂತ ಹೆಚ್ಚಾಗಿ ಈ ಒಂದು ಮಾತಿಗೋಸ್ಕರವೇ ಮೆಷಿನ್ ಬೇಕು.

ಕಾನೂನಿನ ಬಗ್ಗೆಯೂ ಗೊಂದಲ ಇರುದ್ರಿಂದ ಹೇಳ್ತೇನೆ. ಬೀಚಲ್ಲಿ ಸಿಕ್ಕಿದ್ದು ಸಿಕ್ಕಿದವನದ್ದು ಅಲ್ಲ. ಯಾರೋ ಕಳ್ಕೊಂಡ ಒಡವೆ ಅಂತ ಗೊತ್ತಿದ್ದೂ ಒಡೆಯರನ್ನ ಹುಡುಕುವ ಪ್ರಯತ್ನ ಮಾಡದೆ ಇಟ್ಕೊಂಡ್ರೆ, ಮಾರಿದ್ರೆ ಅಪರಾಧ, ಮೊದ್ಲು ಐಪಿಸಿ 403 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 314. ನೂರು ವರ್ಷಕ್ಕಿಂತ ಹಳೇ ನಾಣ್ಯ ವಿಗ್ರಹ ಎಲ್ಲ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರ್ತದೆ, ನಿಧಿಗೆ ಬೇರೆ ಕಾಯ್ದೆ ಉಂಟು. ಹಳೇ ಬಂದರಿನ ಜಾಗ, ಮುಳುಗಿದ ಹಡಗು ಇಂಥದ್ದನ್ನ ನಾವು ಮುಟ್ಟಬಾರ್ದು. ಗೋವಾದ ಎನ್‌ಐಒದಲ್ಲಿ (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ) ಸಮುದ್ರದಡಿಯ ಪುರಾತತ್ವವನ್ನ ಕಟ್ಟಿ ಬೆಳೆಸಿದ್ದು ನಮ್ಮ ಕನ್ನಡನಾಡಿನವ್ರೇ ಆದ ಎಸ್.ಆರ್. ರಾವ್, ಅದೇ ಸಂಸ್ಥೆಯವ್ರು ಗೋವಾದ ಸುಂಚಿ ರೀಫಲ್ಲಿ ಪೋರ್ಚುಗೀಸರ ಕಾಲದ ಮುಳುಗಿದ ಹಡಗನ್ನ ಶೋಧ ಮಾಡಿದಾಗ ಯಾವ ವಸ್ತು ಎಲ್ಲಿ ಬಿದ್ದಿತ್ತು ಅನ್ನುದೇ ಮುಖ್ಯ ಆಗಿತ್ತು, ಒಬ್ಬ ಹವ್ಯಾಸಿ ಅದನ್ನ ಎತ್ತಿ ಮನೆಗೆ ತಂದ್ರೆ ಆ ಕತೆ ಅಲ್ಲಿಗೇ ಸತ್ತ ಹಾಗೆ. ಬ್ರಿಟನ್ನಲ್ಲಿ ಹಡಗಿನ ಅವಶೇಷ ಏನಾದ್ರೂ ಸಿಕ್ಕಿದ್ರೆ 28 ದಿನದೊಳಗೆ ಅದಕ್ಕೆ ಅಂತಲೇ ಇರುವ ಅಧಿಕಾರಿಗೆ ತಿಳಿಸ್ಬೇಕು, ಇಷ್ಟು ಸರಳ ನಿಯಮ ಒಂದು ಬೋರ್ಡಲ್ಲಿ ಬರೆದು ಹಾಕ್ಲಿಕ್ಕೆ ನಮಗೂ ಆಗ್ತದೆ. ಇನ್ನೊಂದು, ಚಳಿಗಾಲದಿಂದ ಬೇಸಿಗೆ ಶುರುವಾಗುವವರೆಗೆ ಕಡಲಾಮೆಗಳು ದಡಕ್ಕೆ ಬಂದು ಮೇಲಿನ ಒಣ ಹೊಯ್ಗೆಯಲ್ಲಿ ಮೊಟ್ಟೆ ಇಡ್ತವೆ, ಆ ಭಾಗದಲ್ಲಿ ಯಾರೂ ಗುದ್ದಲಿ ಹಾಕಬಾರ್ದು, ಹುಡುಕುದೇನಿದ್ರೂ ಒದ್ದೆ ಹೊಯ್ಗೆಯಲ್ಲಿ, ಅಗೆದ ಗುಂಡಿ ಕೂಡ್ಲೇ ಮುಚ್ಚಬೇಕು.

ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲಾಡಳಿತದ ಹತ್ರ ನಾನು ಕೇಳುದು ಇಷ್ಟೇ. ಬೀಚ್ ಸಮಿತಿಯ ಹೆಸರಲ್ಲಿ ಪೂರ್ತಿ ವಾಟರ್‌ಪ್ರೂಫ್ ಇರುವ ಒಂದು ಪಲ್ಸ್ ಮೆಷಿನ್ ತಗೊಳ್ಳಿ, ಕಾಯಿಲ್ ಮಾತ್ರ ವಾಟರ್‌ಪ್ರೂಫ್ ಇದ್ದು ಮೆಷಿನ್ನಿನ ಡಬ್ಬಿಗೆ ನೀರು ಹೋಗುವಂಥದ್ದು ಬೇಡ. ಇಬ್ಬರು ಲೈಫ್‌ಗಾರ್ಡಿಗೆ ಕಲಿಸಿ, ಅವ್ರಿಗೆ ಅದಕ್ಕೆ ಬೇರೆ ಭತ್ಯೆ ಕೊಡಿ, ಕಾವಲಿನ ಹೊತ್ತಲ್ಲಿ ಹುಡುಕ್ಲಿಕ್ಕೆ ಕಳಿಸಬೇಡಿ. ಏನು ಹೋಯ್ತು, ಎಲ್ಲಿ ಹೋಯ್ತು, ಸಿಕ್ಕಿತಾ, ಯಾರಿಗೆ ಕೊಟ್ಟದ್ದು ಅಂತ ಒಂದು ರಿಜಿಸ್ಟರ್ ಇರ್ಲಿ, ಒಡೆಯರು ಬರದಿದ್ರೆ ವಸ್ತು ಪೊಲೀಸ್ ಠಾಣೆಗೆ ಹೋಗ್ಲಿ. ಸಿಕ್ಕಿದ್ದರಲ್ಲಿ ಪಾಲು ಅಂತ ಖಾಸಗಿಯವ್ರಿಗೆ ಗುತ್ತಿಗೆ ಮಾತ್ರ ಕೊಡಬೇಡಿ, ಹಾಗೆ ಕೊಟ್ರೆ ಗಾಳ ಮೊಳೆ ಯಾರೂ ತೆಗೆಯುದಿಲ್ಲ, ಒಡವೆಯೂ ರಿಜಿಸ್ಟರಿಗೆ ಬರುದಿಲ್ಲ. ಎಲ್ಲ ಕಡೆ ಒಟ್ಟಿಗೆ ಆಗದಿದ್ರೆ ಮೊದ್ಲು ಪಣಂಬೂರಿನಲ್ಲೋ ಮಲ್ಪೆಯಲ್ಲೋ ಶುರು ಮಾಡಿ, ದಸರಾ ರಜೆಯ ಜನ ಬರುವ ಮೊದ್ಲು. ಕಲಿಸ್ಲಿಕ್ಕೆ ಬೇರೆ ಯಾರೂ ಸಿಗದಿದ್ರೆ ನಾನು ಬರ್ತೇನೆ, ಅದಕ್ಕೆ ಹಣ ಬೇಡ.

ಇತಿ,
ಸುರತ್ಕಲ್ ಕಡೆಯ ಒಬ್ಬ ಓದುಗ