ಹಳೆ ಬೀರುವಿಗೆ ಹೊಸ ಬಾಗಿಲು, ಬಣ್ಣದ ಫಜೀತಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಮನೆ ಪುಟದಲ್ಲಿ ಹಳೆ ಮರದ ಸಾಮಾನು ರಿಪೇರಿ ಮಾಡಿಸುವ ಬಗ್ಗೆ ಬಂದ ಬರಹ ಓದಿದೆ. ಹೊಸ ಪೈನ್ ಹಲಗೆಗೆ ಗಾಢ ಸ್ಟೇನ್ (ಮರ ಹೀರಿಕೊಳ್ಳುವ ಬಣ್ಣ) ಎರಡು ಸಲ ಬಳಿದರೆ ಹಳೆಯದಕ್ಕೆ ಹೊಂದುತ್ತದೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಮಾಡಿಸಿ ಅನುಭವಿಸಿದ್ದೇನೆ.

ನಮ್ಮ ಮನೆಯಲ್ಲಿ ತಾತನ ಕಾಲದ ಪೈನ್ ಬೀರು ಇದೆ. ತಾತ ಕೆಜಿಎಫ್ ಗಣಿಯಲ್ಲಿದ್ದರು, ಯಂತ್ರ ತುಂಬಿ ಬರುತ್ತಿದ್ದ ಪೆಟ್ಟಿಗೆಯ ಹಲಗೆಯಲ್ಲೇ ಅದನ್ನ ಮಾಡಿಸಿದ್ದಂತೆ. 2001ರಲ್ಲಿ ಗಣಿ ಮುಚ್ಚಿತು, ಬೀರು ನಮ್ಮ ಜೊತೆ ಕೋಲಾರಕ್ಕೆ ಬಂತು. ಬಣ್ಣ ಅಂದರೆ ಥೇಟ್ ಬೆಲ್ಲದ್ದು. ಹೋದ ವರ್ಷ ಒಂದು ಬಾಗಿಲಿಗೆ ಗೆದ್ದಲು ಹತ್ತಿತು. ಆಚಾರಿ ಹೊಸ ಬಾಗಿಲು ಅಚ್ಚುಕಟ್ಟಾಗೇ ಮಾಡಿಕೊಟ್ಟರು. ಪಾಲಿಶ್‌ನವರು ಬಂದು ಬರೀ ಮರದ ಮೇಲೆ ಸ್ಟೇನ್ ಬಳಿದರು ನೋಡಿ, ಹುಲಿಪಟ್ಟೆ ಎದ್ದಿತು!

ಪೈನ್‌ನಲ್ಲಿ ಮೆತ್ತಗಿನ ತಿಳಿ ಗೆರೆ, ಗಟ್ಟಿಯಾದ ಕಂದು ಗೆರೆ ಅಕ್ಕಪಕ್ಕ ಇರುತ್ತವೆ. ಮೆತ್ತಗಿನದು ಬಣ್ಣ ಜಾಸ್ತಿ ಕುಡಿಯುತ್ತದೆ, ಗಟ್ಟಿಯದು ಅಷ್ಟಾಗಿ ಕುಡಿಯುವುದಿಲ್ಲ. ಹಾಗಾಗಿ ತಿಳಿ ಇರಬೇಕಾದ ಗೆರೆ ಕಪ್ಪಾಗಿ, ಕಪ್ಪು ಇರಬೇಕಾದದ್ದು ತಿಳಿಯಾಗಿ, ಹಳೆ ಕಾಲದ ಫೋಟೋ ನೆಗೆಟಿವ್ ಥರ ಕಾಣುತ್ತಿತ್ತು.

ಆಮೇಲೆ ಒಂದು ದಿನ ಹಳೆ ಬಾಗಿಲಿನ ಬೀಗದ ತಗಡು ಬಿಚ್ಚಿದೆ. ಅದರಡಿ ತಗಡಿನ ಆಕಾರಕ್ಕೆ ಸರಿಯಾಗಿ ಮರ ಬೆಳ್ಳಗೆ ಇತ್ತು, ನಾಲ್ಕು ಮೊಳೆ ತೂತಿನ ಸಮೇತ. ಅದೇ ಹಲಗೆ, ಅದೇ ವಯಸ್ಸು, ಬೆಳಕು ಮಾತ್ರ ಬಿದ್ದಿಲ್ಲ. ಬೆಲ್ಲದ ಬಣ್ಣ ಬೆಳಕಿನಿಂದ ಬಂದದ್ದು ಅಂತ ಆಗ ತಲೆಗೆ ಹೋಯ್ತು.

ಹೊಸ ಬಾಗಿಲಿನ ಮೇಲ್ಪದರ ಕೀಸಿ ತೆಗೆಸಿ, ಮೂರು ವಾರ ಅಂಗಳದ ಬಿಸಿಲಿಗೆ ಇಟ್ಟೆ. ಒಂದೇ ಮಗ್ಗುಲು ಕಾದರೆ ಹಲಗೆ ಸೊಟ್ಟಗಾಗುತ್ತೆ, ಅದಕ್ಕೆ ದಿನಾ ತಿರುವಿ ಹಾಕುತ್ತಿದ್ದೆ, ಬೀದಿಯವರೆಲ್ಲ ಹಪ್ಪಳ ಒಣಗಿಸ್ತಿದ್ದೀರಾ ಅಂತ ಕೇಳುವವರೇ. ಬೆಣ್ಣೆ ಬಣ್ಣದ ಮರ ತಿಳಿ ಜೇನಿನ ಬಣ್ಣಕ್ಕೆ ಬಂತು. ಆಮೇಲೆ ಅರಗಿನ ಚಕ್ಕೆಯನ್ನ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿ, ಬಟ್ಟೆ ಉಂಡೆಯಲ್ಲಿ ತೆಳ್ಳಗೆ ಮೂರು ಸಲ ಒರೆಸಿದೆವು. ಬಿಳುಪು ಮಾಡದ ಅರಗಿಗೇ ಕಿತ್ತಳೆ ಛಾಯೆ ಇರುತ್ತೆ, ಹಳೆ ಪೈನ್‌ಗೆ ಅದು ಚೆನ್ನಾಗಿ ಕೂಡುತ್ತೆ. ಸ್ಟೇನ್ ಬೇಕೇ ಬೇಕು ಅನ್ನುವವರು ಮೊದಲು ಈ ಅರಗನ್ನ ತೀರಾ ತೆಳ್ಳಗೆ ಒಂದು ಸಲ ಒರೆಸಿಕೊಳ್ಳಲಿ, ಪಟ್ಟೆ ಎಷ್ಟೋ ಕಮ್ಮಿಯಾಗುತ್ತೆ. ಊಟದ ಮೇಜಿಗೆ ಅರಗು ಬೇಡ, ಬಿಸಿ ಲೋಟ ಇಟ್ಟರೆ ಬಿಳಿ ಗುರುತು ಬೀಳುತ್ತೆ.

ಈಗಲೂ ಹೊಸ ಬಾಗಿಲು ಒಂಚೂರು ತಿಳಿ. ಬೇಕಂತಲೇ ಹಾಗೆ ಬಿಟ್ಟಿದ್ದೇವೆ. ಹಳೆಯದು ಕಪ್ಪಾಗುವಷ್ಟು ಆಗಿದೆ, ಹೊಸದು ಇನ್ನೂ ಆಗುತ್ತೆ, ಇವತ್ತೇ ಸಮ ಮಾಡಿದ್ದರೆ ಎರಡು ವರ್ಷಕ್ಕೆ ಹೊಸದೇ ಕಪ್ಪಗೆ ಕಾಣುತ್ತಿತ್ತು.

ಪಾಲಿಶ್ ಮಾಡಿಸುವವರು ಅದೇ ಹಲಗೆಯ ತುಂಡಿನ ಮೇಲೆ ಮೊದಲು ಬಳಿದು ತೋರಿಸಿ ಅಂತ ಪಟ್ಟು ಹಿಡಿಯಿರಿ. ನಾನೂ ಕೇಳುತ್ತಿದ್ದೆ, ಆದರೆ ಉಳಿದಿದ್ದ ತುಂಡುಗಳನ್ನೆಲ್ಲ ಅಷ್ಟರಲ್ಲಿ ನಮ್ಮಮ್ಮ ನೀರೊಲೆಗೆ ಹಾಕಿಬಿಟ್ಟಿದ್ದರು.

ಇಂತಿ,
ಒಬ್ಬ ಓದುಗ, ಕೋಲಾರ